ಕೊನೆಯ ದಿನಗಳ ಚಾಕರಿ

ಗಂಭೀರ ಕಾಯಿಲೆಯವರನ್ನು ನೋವು, ಏದುಸಿರು, ವಾಂತಿ, ಹುಣ್ಣು, ಹೆದರಿಕೆಗಳಿಂದ ಪಾರುಮಾಡಿ, ಉಳಿದಷ್ಟು ದಿನ ಅವರು ತಮ್ಮಂತೆಯೇ ಬದುಕಲು ನೆರವಾಗುವ ವೈದ್ಯಕೀಯಕ್ಕೆ ಉಪಶಾಮಕ ಆರೈಕೆ ಎಂದು ಹೆಸರು. ಜನರ ಬಾಯಲ್ಲಿ ಅದು ಪ್ಯಾಲಿಯೇಟಿವ್ ಕೇರ್. ಕಾಯಿಲೆ ಪತ್ತೆಯಾದ ದಿನವೇ, ಕಿಮೋಥೆರಪಿ, ರೇಡಿಯೇಶನ್‌ಗಳ ಜೊತೆಜೊತೆಗೇ ಇದನ್ನು ಶುರುಮಾಡಬಹುದು. ಆಯುಸ್ಸು ವಾರ, ತಿಂಗಳುಗಳ ಲೆಕ್ಕಕ್ಕೆ ಬಂದಾಗ ಕೊಡುವ ಆರೈಕೆಯೂ ಅದಕ್ಕೆಂದೇ ಇರುವ ಮನೆಯಂಥ ಆಸ್ಪತ್ರೆಯೂ ಹಾಸ್ಪೈಸ್ ಎನಿಸಿಕೊಳ್ಳುತ್ತವೆ. ಇದು ಕ್ಯಾನ್ಸರ್‌ಗೆ ಮಾತ್ರ ಮೀಸಲಲ್ಲ. ಕಿಡ್ನಿ ಸೋತವರು, ಹೃದಯ ದಣಿದವರು, ದಮ್ಮಿನಿಂದ ಶ್ವಾಸಕೋಶ ಕೆಟ್ಟವರು, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯಲ್ಲಿ ಮಕ್ಕಳ ಗುರುತೂ ಹತ್ತದವರು, ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ.

ದಕ್ಷಿಣ ಕನ್ನಡದ ಆಡುಮಾತಿನಲ್ಲಿ ಇದಕ್ಕೆ ಹತ್ತಿರದ ಹಳೆಯ ಪದವೊಂದಿದೆ: ಚಾಕರಿ. ಹಾಸಿಗೆ ಹಿಡಿದ ಹಿರಿಯರ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ರಾತ್ರಿ ಎದ್ದು ಮಗ್ಗುಲು ತಿರುಗಿಸುವುದೆಲ್ಲ ಚಾಕರಿಯೇ. "ಸೊಸೆ ಅತ್ತೆಯ ಚಾಕರಿ ಚೆಂದ ಮಾಡಿದ್ದಾಳೆ" ಎಂಬ ಮಾತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ತೂಕವಿದೆ. ಈ ಚಾಕರಿಗೆ ಔಷಧ ಗೊತ್ತಿರುವ ಕೈ ಮತ್ತು ಕೇಳಿಸಿಕೊಳ್ಳುವ ಕಿವಿ ಜೊತೆಯಾದರೆ ಅದೇ ಉಪಶಾಮಕ ಆರೈಕೆ. ಜೊತೆಯಾಗದಿದ್ದರೆ ಎಷ್ಟೇ ಪ್ರೀತಿಯ ಚಾಕರಿಯೂ ನೋವಿನ ಮುಂದೆ ಕೈಚೆಲ್ಲಿ ಕೂರಬೇಕಾಗುತ್ತದೆ.

ದೊಡ್ಡಾಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮನೆಯವರ ಕಿವಿಗೆ ಬೀಳುವ ಮಾತು ಸಾಮಾನ್ಯವಾಗಿ ಒಂದೇ: "ಇನ್ನೇನೂ ಮಾಡುವ ಹಾಗಿಲ್ಲ, ಮನೆಗೆ ಕರ್ಕೊಂಡು ಹೋಗಿ." ಈ ಕ್ಷೇತ್ರದ ವೈದ್ಯರು ಒಪ್ಪದ ಮಾತು ಇದು. ಗುಣಪಡಿಸುವ ದಾರಿ ಮುಚ್ಚಿರಬಹುದು, ಮಾಡುವ ಕೆಲಸ ಮುಗಿದಿರುವುದಿಲ್ಲ. 2010ರಲ್ಲಿ ಅಮೆರಿಕದ ಬಾಸ್ಟನ್‌ನ ಆಸ್ಪತ್ರೆಯೊಂದು ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮೊದಲಿನಿಂದಲೇ ಉಪಶಾಮಕ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆ, ದಿನಗಳು ಹಗುರ. ಅಷ್ಟೇ ಅಲ್ಲ, ಅವರ ಮಧ್ಯಮಾಂಕ ಆಯುಸ್ಸು 11.6 ತಿಂಗಳಾಗಿದ್ದರೆ ಉಳಿದವರದು 8.9 ತಿಂಗಳು. ಈ ಆರೈಕೆಗೆ ಒಪ್ಪುವುದೆಂದರೆ ಕೈಬಿಟ್ಟಂತೆ ಎಂದು ಭಾವಿಸುವವರು ಗಮನಿಸಬೇಕಾದ ಅಂಕಿ ಇದು.

ಇಂದಿನ ರೂಪದ ಹಾಸ್ಪೈಸ್‌ಗೆ ಅಡಿಗಲ್ಲು ಹಾಕಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಬಳಿಕ ರೋಗಿಗಳ ಸಮಾಜಸೇವಕಿ, ಕೊನೆಗೆ ವೈದ್ಯೆಯಾದ ಅವರು 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಸಾಯುತ್ತಿರುವವರ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ದುಡ್ಡಿನದು, ದೇವರ ಮೇಲಿನ ಮುನಿಸಿನದು ಕೂಡ. ಇವೆಲ್ಲವನ್ನೂ ಒಂದೇ 'ಸಮಗ್ರ ನೋವು' ಎಂದು ನೋಡಬೇಕು ಎಂಬುದು ಅವರ ಕಾಣ್ಕೆ. ಭಾರತದ ಮೊದಲ ಹಾಸ್ಪೈಸ್ ಮುಂಬೈನ ಶಾಂತಿ ಅವೇದನಾ ಸದನ, ಶಸ್ತ್ರಚಿಕಿತ್ಸಕ ಡಾ. ಎಲ್. ಜೆ. ಡಿಸೋಜಾ ಅದನ್ನು 1986ರಲ್ಲಿ ಶುರುಮಾಡಿದರು. ಕರ್ನಾಟಕದಲ್ಲಿ 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1999ರಲ್ಲಿ 'ಕರುಣಾಶ್ರಯ'ವನ್ನು ತೆರೆಯಿತು. ಗುಣವಾಗುವ ಹಂತ ಮೀರಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಎಲ್ಲವೂ ಉಚಿತ. ನಡುವಿನ ನೀರಿನ ಕೊಳ, ಕಲ್ಲಿನ ಗೋಡೆ, ತೆರೆದ ಅಂಗಳಗಳ ಆ ಕಟ್ಟಡದಲ್ಲಿ ಆಸ್ಪತ್ರೆಯ ಛಾಯೆಯೇ ಇಲ್ಲ. ಹಾಸಿಗೆಯಿಂದ ಏಳಲಾರದವರಿಗೆ ಕಣ್ಣೆದುರು ಏನು ಕಾಣುತ್ತದೆ ಎಂಬುದೂ ಚಿಕಿತ್ಸೆಯ ಭಾಗವೇ.

ಬೆಂಗಳೂರಿನಿಂದ ಮತ್ತೆ ದಕ್ಷಿಣ ಕನ್ನಡಕ್ಕೆ ಬರೋಣ. ದೊಡ್ಡಾಸ್ಪತ್ರೆಗಳಿರುವ ಮಂಗಳೂರಿನಿಂದ ಬಂಟ್ವಾಳದ ಬಿ.ಸಿ. ರೋಡಿಗೆ ಸುಮಾರು 25 ಕಿ.ಮೀ., ಮೂಡುಬಿದಿರೆಗೆ 35, ಬೆಳ್ತಂಗಡಿಗೆ 60, ಚಾರ್ಮಾಡಿ ಘಾಟಿಯ ಬುಡಕ್ಕೆ 80ರ ಆಸುಪಾಸು. ನಕ್ಷೆಯಲ್ಲಿ ದೂರವೇನಲ್ಲ. ಆದರೆ ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಸಾಗಿಸುವವರಿಗೆ ಪ್ರತಿ ಹೊಂಡವೂ ಒಂದೊಂದು ಮೈಲಿ. ಇಲ್ಲಿಯ ಮನೆಗಳು ಬಯಲುಸೀಮೆಯಂತೆ ಒತ್ತಾಗಿಲ್ಲ. ಗದ್ದೆ, ಗುಡ್ಡ, ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು. ಕೆಲವಕ್ಕೆ ಕಾಲುಸಂಕ ದಾಟಿಯೇ ಹೋಗಬೇಕು. ಬೆಳ್ತಂಗಡಿ ತಾಲ್ಲೂಕಿನ ಮಲವಂತಿಗೆ ಗ್ರಾಮಕ್ಕೆ ಸೇರಿದ ಎಳನೀರಿಗೆ ಸರಿಯಾದ ದಾರಿ ಚಿಕ್ಕಮಗಳೂರು ಜಿಲ್ಲೆಯ ಸಂಸೆಯ ಮೂಲಕ. ಕುದುರೆಮುಖ ಕಾಡಿನಂಚಿನ ಮಲೆಕುಡಿಯ ಸಮುದಾಯದವರ ಮನೆಗಳಿಂದ ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುವುದು ಹಳೆಯ ಕಾಲದ ಕತೆಯಲ್ಲ. ಇಂಥ ನೆಲದಲ್ಲಿ ಹಾಸ್ಪೈಸ್ ಎಂದರೆ ಪೇಟೆಯಲ್ಲೊಂದು ಕಟ್ಟಡ ಎಂಬ ಕಲ್ಪನೆ ಹೆಚ್ಚು ದೂರ ಹೋಗದು. ಬಹುಪಾಲು ಜನರ ಕೊನೆಯ ದಿನಗಳು ಕಳೆಯುವುದು ಅವರವರ ಮನೆಯ ಚಾವಡಿಯಲ್ಲಿ, ಕಿಟಕಿ ಬದಿಯ ಮಂಚದಲ್ಲಿ. ಅವರು ಬಯಸುವುದೂ ಅದನ್ನೇ. ಆರೈಕೆಯೇ ಅಲ್ಲಿಗೆ ನಡೆದು ಹೋಗಬೇಕು.

ಆ ಮನೆಗಳ ಸ್ಥಿತಿಯನ್ನೂ ಅರಿಯಬೇಕು. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳಲ್ಲಿ ಹೆಂಗಸರ ಮಡಿಲಲ್ಲಿ ಬೀಡಿಯ ತಡ್ಪೆ (ಮೊರ) ಇರುತ್ತದೆ. ಕಾಯಿಲೆಯವರ ಪಕ್ಕದಲ್ಲೇ ಕೂತು ಬೀಡಿ ಕಟ್ಟುತ್ತ ಚಾಕರಿ ಮಾಡುವವರು ಅವರು. ಒಂದು ದಿನ ಆಸ್ಪತ್ರೆಗೆ ಅಲೆದರೆ ಆ ದಿನದ ಮಜೂರಿ ಹೋಯಿತು. ಗಂಡುಮಕ್ಕಳು ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮನೆಗಳಲ್ಲಿ ಎಪ್ಪತ್ತು ದಾಟಿದ ಹೆಂಡತಿ ಎಂಬತ್ತರ ಗಂಡನನ್ನು ಎತ್ತಬೇಕು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವ ಅಭ್ಯಾಸದಿಂದ ಬರುವ ಬಾಯಿಯ ಕ್ಯಾನ್ಸರ್ ಇಲ್ಲಿ ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ವಾದಕ್ಕೆ ಜಾಗವಿಲ್ಲ.

ನೋವಿನ ಮಾತು ಮೊದಲು ಬರಬೇಕು, ಏಕೆಂದರೆ ನೋವು ಇರುವಷ್ಟು ಹೊತ್ತು ಬೇರೆ ಯಾವ ಮಾತೂ ರೋಗಿಯ ಕಿವಿಗೆ ಇಳಿಯುವುದಿಲ್ಲ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ದಾರಿ ಹಾಕಿಕೊಟ್ಟಿತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ಅದಕ್ಕೆ ಬಗ್ಗದಿದ್ದರೆ ಟ್ರಮಡಾಲ್, ಕೊಡೀನ್‌ಗಳು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಸೂಜಿ ಬೇಡ, ಬಾಯಿಂದ ನುಂಗುವ ಮಾತ್ರೆ ಸಾಕು. ನೋವು ಬರಲೆಂದು ಕಾಯದೆ ಗಡಿಯಾರ ನೋಡಿ ಕೊಡಬೇಕು ಎಂಬುದು ಅದರ ತಿರುಳು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಬಲ ನಾಲ್ಕು ಗಂಟೆ ನಿಲ್ಲುತ್ತದೆ. ಹಾಗಾಗಿ ನಾಲ್ಕು ಗಂಟೆಗೊಮ್ಮೆ. ಮಲಗುವಾಗ ಎರಡರಷ್ಟು ಕೊಟ್ಟರೆ ನಡುರಾತ್ರಿ ಎಬ್ಬಿಸಬೇಕಿಲ್ಲ. ಜೊತೆಗೆ ಮಲ ಸಡಿಲಿಸುವ ಔಷಧ ಕಡ್ಡಾಯ, ಏಕೆಂದರೆ ಮಾರ್ಫಿನ್ ತೆಗೆದುಕೊಳ್ಳುವ ಹೆಚ್ಚುಕಡಿಮೆ ಎಲ್ಲರಿಗೂ ಮಲ ಕಟ್ಟುತ್ತದೆ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರಬಹುದು; ಅದು ತಾನಾಗಿ ಇಳಿಯುತ್ತದೆ.

ಮಾರ್ಫಿನ್ ಎಂದೊಡನೆ ಮನೆಯವರ ಮುಖ ಬಾಡುವುದುಂಟು. ಚಟ ಹಿಡಿಯುತ್ತದೆ, ಸಾವು ಬೇಗ ಬರುತ್ತದೆ ಎಂಬ ಅಂಜಿಕೆ ಅದಕ್ಕೆ ಕಾರಣ. ನೋವಿಗೆ ತಕ್ಕಷ್ಟನ್ನೇ ಅಳೆದು, ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಕೊಟ್ಟಾಗ ಉಸಿರು ನಿಲ್ಲುವುದಿಲ್ಲ, ಆಯುಸ್ಸು ಕುಗ್ಗುವುದಿಲ್ಲ. ಇಂಥ ರೋಗಿಗಳಲ್ಲಿ ಚಟವಾಗುವುದು ತೀರಾ ವಿರಳ. ಇನ್ನೊಂದು ತೊಡಕು ಕಾನೂನಿನದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಡಿ ಅಫೀಮು ಬೆಳೆದು, ಹೊರದೇಶಗಳಿಗೂ ಕಳಿಸುವ ಭಾರತದಲ್ಲಿ ಅದರಿಂದ ತೆಗೆದ ಮಾರ್ಫಿನ್ ಸ್ವಂತ ರೋಗಿಗಳಿಗೆ ಸಿಗದಂತಾದುದು 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ. ಆಸ್ಪತ್ರೆಗಳು ಒಂದು ಪೆಟ್ಟಿಗೆ ಮಾತ್ರೆಗೆ ಹಲವು ಇಲಾಖೆಗಳ ಬಾಗಿಲು ತಟ್ಟಬೇಕಿತ್ತು. ತಜ್ಞರು, ರೋಗಿಗಳ ಮನೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟನಿಲ್ ಸೇರಿದಂತೆ ಆರು ಔಷಧಗಳು 'ಅಗತ್ಯ' ಪಟ್ಟಿಗೆ ಸೇರಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯಲ್ಲಿ ಅವನ್ನು ಇಟ್ಟುಕೊಳ್ಳುವಂತಾಯಿತು. ಆದರೂ ಪೇಟೆಯ ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ. ಮಾನ್ಯತೆ ಪಡೆದ ಕೇಂದ್ರ ಮಂಗಳೂರಿನಲ್ಲಿದ್ದು ರೋಗಿ ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲೋ ನಾರಾವಿಯಲ್ಲೋ ಇದ್ದರೆ, ಆ ದೂರವೇ ಅವರ ನೋವಿನ ಅಳತೆ. ತಾಲ್ಲೂಕು ಆಸ್ಪತ್ರೆಗಳು ಮಾನ್ಯತೆ ಪಡೆದು ಮಾರ್ಫಿನ್ ಇಟ್ಟುಕೊಳ್ಳುವುದಕ್ಕಿಂತ ಹೆಚ್ಚು ತುರ್ತಿನ, ಕಡಿಮೆ ಖರ್ಚಿನ ಕೆಲಸ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಮಟ್ಟಿಗೆ ಬೇರೆ ಇಲ್ಲ.

ನೋವು ಹತೋಟಿಗೆ ಬಂದ ಮೇಲಿನ ಕೆಲಸಗಳಲ್ಲಿ ಹೆಚ್ಚಿನವನ್ನು ಮನೆಯವರೇ ಕಲಿಯಬಹುದು. ಬೆನ್ನಿನ ಹುಣ್ಣು ಬಾರದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಳಿ ತುಂಬುವ ಏರ್‌ಬೆಡ್ ಇದ್ದರೆ ಇನ್ನೂ ಒಳ್ಳೆಯದು. ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ದಿನಕ್ಕೆ ಹಲವು ಬಾರಿ ಒರೆಸಬೇಕು. ಉಸಿರು ಕಟ್ಟಿದಂತಾದರೆ ಕಿಟಕಿ ತೆರೆದು, ತಲೆಯ ಭಾಗ ಎತ್ತರಿಸಿ, ಮುಖಕ್ಕೆ ಫ್ಯಾನಿನ ಗಾಳಿ ಹಿಡಿದರೆ ಆರಾಮ ಸಿಗುತ್ತದೆ. ಇದಕ್ಕೂ ಸಣ್ಣ ಪ್ರಮಾಣದ ಮಾರ್ಫಿನ್ ನೆರವಾಗುತ್ತದೆ. ಬಾಯಿ, ಸ್ತನದ ಕ್ಯಾನ್ಸರ್ ಒಡೆದು ಹುಣ್ಣಾದಾಗ ಏಳುವ ವಾಸನೆ ಮನೆಯವರನ್ನು ದೂರ ಸರಿಸುತ್ತದೆ, ರೋಗಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿಸುತ್ತದೆ. ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಹಾಕಿ ಕಟ್ಟಿದರೆ ಕೆಲವೇ ದಿನಗಳಲ್ಲಿ ಆ ವಾಸನೆ ಇಳಿಯುತ್ತದೆ. ಅದುವರೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದ ಮೊಮ್ಮಕ್ಕಳು ಮಂಚದ ಬಳಿ ಬರುವಂತಾಗುತ್ತದೆ. ಬದುಕಿನ ಗುಣಮಟ್ಟ ಎಂದು ಪುಸ್ತಕಗಳು ಹೇಳುವುದು ಇದನ್ನೇ.

ಊಟದ ವಿಷಯದಲ್ಲಿ ಮನೆಯವರು ಹೆಚ್ಚು ನೋಯುತ್ತಾರೆ. "ಎರಡು ಗುಟುಕು ಗಂಜಿಯೂ ಹೋಗುದಿಲ್ಲ ಡಾಕ್ಟ್ರೇ, ಒಂದು ಗ್ಲುಕೋಸ್ ಆದ್ರೂ ಹಾಕಿ" ಎಂಬ ಬೇಡಿಕೆ ಪ್ರೀತಿಯಿಂದ ಬಂದದ್ದು. ಆದರೆ ಕೊನೆಯ ವಾರಗಳಲ್ಲಿ ದೇಹಕ್ಕೆ ಆಹಾರ ಬೇಡವಾಗುತ್ತದೆ. ಊಟ ಬಿಟ್ಟದ್ದರಿಂದ ಸಾವು ಬರುತ್ತಿಲ್ಲ, ಸಾವು ಹತ್ತಿರವಾದ್ದರಿಂದ ಊಟ ಬಿಟ್ಟಿದೆ. ಒತ್ತಾಯದಿಂದ ತಿನ್ನಿಸಿದ್ದು ಶ್ವಾಸನಾಳಕ್ಕೆ ಹೋಗಬಹುದು; ಬಲವಂತದ ಡ್ರಿಪ್ಪಿನ ನೀರು ಕಾಲಿನಲ್ಲಿ, ಎದೆಯಲ್ಲಿ ತುಂಬಬಹುದು. ಕುಚ್ಚಲಕ್ಕಿ ಗಂಜಿಯ ತಿಳಿ, ಎಳನೀರು, ಅವರು ಕೇಳಿದ ಒಂದು ಚೂರು ಉಪ್ಪಿನಕಾಯಿ, ಅವರಿಗೆ ರುಚಿಸಿದಷ್ಟು ಸಾಕು.

ಇನ್ನು ಸತ್ಯ ಹೇಳುವ ಪ್ರಶ್ನೆ. "ಅವ್ರಿಗೆ ಗೊತ್ತಾಗುದು ಬೇಡ" ಎಂದು ಮಕ್ಕಳು ವೈದ್ಯರನ್ನು ಬದಿಗೆ ಕರೆದು ಹೇಳುವುದು ಮಾಮೂಲು. ತಂದೆಗೆ ಕಾಯಿಲೆಯ ಹೆಸರು ಹೇಳದೆ ಗಡ್ಡೆ ಎಂದೋ ಹುಣ್ಣು ಎಂದೋ ಸಾಗಿಸುತ್ತಾರೆ. ತಂದೆಗೂ ತಿಳಿದಿರುತ್ತದೆ, ಮಕ್ಕಳಿಗೆ ನೋವಾಗಬಾರದೆಂದು ಅವರೂ ಗೊತ್ತಿಲ್ಲದಂತೆ ಇರುತ್ತಾರೆ. ಒಂದೇ ಮನೆಯೊಳಗೆ ಎಲ್ಲರೂ ಒಬ್ಬೊಬ್ಬರೇ ಅಳುವ ಸ್ಥಿತಿ ಇದು. ತರಬೇತಾದ ನರ್ಸು, ವೈದ್ಯರು ಇಲ್ಲಿ ಅವಸರ ಮಾಡುವುದಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನಿಸುತ್ತದೆ" ಎಂದು ಕೇಳಿ, ರೋಗಿ ಎಷ್ಟು ತಿಳಿಯಲು ಬಯಸುತ್ತಾರೋ ಅಷ್ಟನ್ನೇ ತಿಳಿಸುತ್ತಾರೆ. ಜಾಗದ ಪಾಲು, ಮಗಳ ಮದುವೆ, ವರ್ಷಗಳಿಂದ ಮಾತು ಬಿಟ್ಟ ತಮ್ಮ, ಹೇಳಿಕೊಂಡು ತೀರಿಸದ ಹರಕೆ, ಇವೆಲ್ಲಕ್ಕೂ ಸಮಯ ಸಿಗುವುದು ಸತ್ಯ ತಿಳಿದವರಿಗೆ ಮಾತ್ರ.

ಇಷ್ಟನ್ನೂ ಹಳ್ಳಿಯ ಮನೆಬಾಗಿಲಿಗೆ ಮುಟ್ಟಿಸುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಬಂಟ್ವಾಳದ ಗಡಿಯಾಚೆಯ ಕೇರಳದಲ್ಲೇ ಇದೆ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮುಂತಾದವರು ಆರಂಭಿಸಿದ ಪೈನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ, ನೆರೆಹೊರೆಯವರನ್ನೇ ಸ್ವಯಂಸೇವಕರಾಗಿ ಪಳಗಿಸಿತು. 2008ರಲ್ಲಿ ಕೇರಳ ಸರ್ಕಾರ ದೇಶದಲ್ಲೇ ಮೊದಲ ಉಪಶಾಮಕ ಆರೈಕೆ ನೀತಿ ತಂದು, ಸ್ಥಳೀಯ ಪಂಚಾಯಿತಿಗಳಿಗೆ ಹೊಣೆ ವಹಿಸಿತು. ಅಂದಿನಿಂದ ಪಂಚಾಯಿತಿಯ ಹಣದಲ್ಲಿ ನೇಮಕಗೊಂಡ ನರ್ಸು ಆಶಾ ಕಾರ್ಯಕರ್ತೆಯ ಜೊತೆ ಹಾಸಿಗೆ ಹಿಡಿದವರ ಮನೆಗಳಿಗೆ ಸರದಿಯಂತೆ ಹೋಗುತ್ತಾರೆ. ಕಾಸರಗೋಡಿನ ಕನ್ನಡ ಊರುಗಳಾದ ಎಣ್ಮಕಜೆ, ಪೈವಳಿಕೆಗಳೂ ಈ ವ್ಯವಸ್ಥೆಯೊಳಗಿವೆ. ಅದೇ ತುಳು, ಅದೇ ಕನ್ನಡ, ಅದೇ ಅಡಿಕೆ ತೋಟ. ಗಡಿಕಲ್ಲಿನ ಈಚೆ ವಿಟ್ಲ, ಕನ್ಯಾನದ ಬದಿಯಲ್ಲಿ ಪಂಚಾಯಿತಿಗೆ ಇಂಥ ಹೊಣೆ ಇಲ್ಲ.

ಎಣ್ಮಕಜೆಯ ಪಡ್ರೆಯಲ್ಲಿ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನ ಪರಿಣಾಮವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. ಇದೇ ವಿಷ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಗಳಲ್ಲೂ ಬಿದ್ದಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಹುಟ್ಟಿನಿಂದಲೇ ನಡೆಯಲಾರದ, ಮಾತು ಬಾರದ ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷ ಎತ್ತಿ ಸಾಕಿದ ತಾಯಂದಿರು ಆ ಊರುಗಳಲ್ಲಿದ್ದಾರೆ. ಸಾವು ಹತ್ತಿರವಿಲ್ಲದಿದ್ದರೂ ಇವರಿಗೂ ಬೇಕಾದದ್ದು ಉಪಶಾಮಕ ಆರೈಕೆಯೇ; ಕಾಯಿಲೆಯವರಿಗೆ ಆರೈಕೆ ಎಷ್ಟು ಮುಖ್ಯವೋ ತಾಯಿಗೆ ನಾಲ್ಕು ದಿನದ ಬಿಡುವೂ ಅಷ್ಟೇ ಮುಖ್ಯ. ಕೊಕ್ಕಡದಲ್ಲಿ ಇಂಥವರಿಗಾಗಿ ಹಗಲು ಪಾಲನಾ ಕೇಂದ್ರ ಬಂದದ್ದು, ಪಕ್ಕದ ಸೌತಡ್ಕದಲ್ಲಿ ಬೆನ್ನುಹುರಿ ಮುರಿದವರ ಪುನಶ್ಚೇತನಕ್ಕೆ ಸೇವಾಧಾಮ ಎದ್ದದ್ದು ಈ ಅಗತ್ಯವನ್ನು ಊರವರೇ ಕಂಡುಕೊಂಡದ್ದರಿಂದ.

ಕರ್ನಾಟಕವೂ ಸುಮ್ಮನೆ ಕೂತಿಲ್ಲ. ರಾಜ್ಯ 2016ರಲ್ಲಿ ತನ್ನದೇ ಉಪಶಾಮಕ ಆರೈಕೆ ನೀತಿಯನ್ನು ಒಪ್ಪಿಕೊಂಡಿತು. ಹಿಂದಿನ ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾದ ಮೇಲೆ ಅಲ್ಲಿ ಸಿಗಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಒಂದು. ಕರಾವಳಿಯಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ, ಮಣಿಪಾಲದಲ್ಲೇ ಹಾಸ್ಪೈಸ್ ಕೂಡ ಇದೆ. ಮಂಗಳೂರಿನ ವಾಮಂಜೂರಿನಲ್ಲಿ ಆವೆ ಮರಿಯಾ ಪ್ಯಾಲಿಯೇಟಿವ್ ಕೇರ್ ಇದೆ. ಕೊರತೆ ಇರುವುದು ಕೊನೆಯ ಕೊಂಡಿಯಲ್ಲಿ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ದಾಖಲಾದವರ ವೆಚ್ಚ ನೋಡಿಕೊಳ್ಳುತ್ತದೆ, ಮನೆಯ ಮಂಚದ ಮೇಲಿರುವವರದ್ದಲ್ಲ. ಜಗತ್ತಿನಲ್ಲಿ ಪ್ರತಿವರ್ಷ 5.68 ಕೋಟಿ ಜನರಿಗೆ ಈ ಆರೈಕೆ ಬೇಕು, ಸಿಗುತ್ತಿರುವುದು ಶೇ. 14ರಷ್ಟು ಮಂದಿಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸಾವನ್ನು ಮುಂದೂಡುವುದಾಗಲಿ ಹತ್ತಿರಕ್ಕೆ ಎಳೆಯುವುದಾಗಲಿ ಉಪಶಾಮಕ ಆರೈಕೆಯ ಗುರಿಯಲ್ಲ. ದಯಾಮರಣದಿಂದ ಅದು ಬೇರೆ, ಜೈನರ ಸಲ್ಲೇಖನದಿಂದಲೂ ಬೇರೆ. ಸಾವಿರ ಕಂಬದ ಬಸದಿಯ ಮೂಡುಬಿದಿರೆ ಜೈನರ ಊರು. ಅಲ್ಲಿಯ ಕೊಡಂಗಲ್ಲಿನಲ್ಲಿ ಜೈನ ಗುರುಗಳ ಸಮಾಧಿಗಳಿವೆ. ಆ ಪರಂಪರೆಯ ಸಲ್ಲೇಖನ ಆಹಾರವನ್ನು ಹಂತಹಂತವಾಗಿ ತ್ಯಜಿಸುವ ಧಾರ್ಮಿಕ ವ್ರತ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಅದನ್ನು ಅಪರಾಧವೆಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ವ್ರತದ ಮಾತು ಬೇರೆ, ಚಿಕಿತ್ಸೆಯ ಮಾತು ಬೇರೆ. ಚಿಕಿತ್ಸೆಯ ಕಾನೂನು ಬೆಳೆದುಬಂದದ್ದು ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರ ಪ್ರಕರಣದಿಂದ. 1973ರಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆ ಕಳೆದುಕೊಂಡ ಆ ನರ್ಸನ್ನು ಅದೇ ಆಸ್ಪತ್ರೆಯ ನರ್ಸುಗಳು 2015ರಲ್ಲಿ ಆಕೆ ತೀರಿಕೊಳ್ಳುವವರೆಗೂ ನೋಡಿಕೊಂಡರು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರ ಆರೈಕೆಯನ್ನು ಕೊಂಡಾಡಿತು. 2018ರ ಮಾರ್ಚ್ 9ರಂದು ಅದೇ ನ್ಯಾಯಾಲಯ, ಗುಣವಾಗದ ಸ್ಥಿತಿಯಲ್ಲಿ ವೆಂಟಿಲೇಟರ್‌ನಂಥ ಯಂತ್ರಗಳು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ಐ.ಸಿ.ಯು. ಬೇಡವೆಂದು ಮನೆಗೆ ಬಂದವರಿಗೆ ಮನೆಯಲ್ಲಿ ಆರೈಕೆ ಸಿಗದಿದ್ದರೆ ಮಾತ್ರ ಈ ಹಕ್ಕು ಅರ್ಧಂಬರ್ಧ.

ಕೊನೆಯ ಎರಡು ಮೂರು ದಿನಗಳ ಲಕ್ಷಣಗಳನ್ನು ಮನೆಯವರಿಗೆ ಮೊದಲೇ ತಿಳಿಸಿಟ್ಟರೆ ಅವರು ನಡುರಾತ್ರಿ ಆಂಬುಲೆನ್ಸಿಗೆ ಓಡಾಡಬೇಕಾಗುವುದಿಲ್ಲ. ನಿದ್ದೆ ಹೆಚ್ಚುತ್ತದೆ. ಕೈಕಾಲು ತಣ್ಣಗಾಗುತ್ತದೆ. ಉಸಿರು ಒಮ್ಮೆ ಜೋರಾಗಿ ಒಮ್ಮೆ ನಿಂತಂತಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಕೇಳುವವರಿಗೆ ಅದು ಭಯಂಕರ, ಅರೆಪ್ರಜ್ಞೆಯಲ್ಲಿರುವ ರೋಗಿಗೆ ಅದರಿಂದ ತೊಂದರೆಯಾಗುತ್ತಿರುವಂತೆ ಕಾಣುವುದಿಲ್ಲ. ಮಗ್ಗುಲಾಗಿ ಮಲಗಿಸಿದರೆ ಸದ್ದು ಕಡಿಮೆಯಾಗುತ್ತದೆ, ಔಷಧವೂ ಇದೆ. ಕಿವಿ ಕೊನೆಯವರೆಗೂ ಕೇಳಬಹುದು, ಹಾಗಾಗಿ ಮಾತಾಡುತ್ತಿರಿ ಎನ್ನುತ್ತಾರೆ ನರ್ಸುಗಳು. ಬಾಯಿಗೆ ತುಳಸಿ ನೀರು ಬಿಡುವವರು, ಕಿವಿಯಲ್ಲಿ ಕಲಿಮಾ ಹೇಳುವವರು, ಪಾದ್ರಿಗಳನ್ನು ಕರೆಸಿ ಅಭಿಷೇಕದ ಎಣ್ಣೆ ಹಚ್ಚಿಸುವವರು, ಣಮೋಕಾರ ಮಂತ್ರ ಪಠಿಸುವವರು, ಮನೆಯಲ್ಲಾದರೆ ಎಲ್ಲರಿಗೂ ಇದಕ್ಕೆ ತಡೆಯಿಲ್ಲ. ಐ.ಸಿ.ಯು.ನ ಗಾಜಿನ ಬಾಗಿಲಾಚೆ ಇವಕ್ಕೆ ಅವಕಾಶ ಕಡಿಮೆ.

ಸಾವಿನೊಂದಿಗೆ ಆರೈಕೆಯ ತಂಡದ ಕೆಲಸ ಮುಗಿಯುವುದಿಲ್ಲ. ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ತಿಂಗಳುಗಟ್ಟಲೆ ನಿದ್ದೆಗೆಟ್ಟು ಚಾಕರಿ ಮಾಡಿದವರಿಗೆ ಕೈಗೆ ಕೆಲಸವೇ ಇಲ್ಲದಂತಾಗುತ್ತದೆ. ನಾಲ್ಕು ಗಂಟೆಗೊಮ್ಮೆ ಮಾತ್ರೆ ಕೊಡುತ್ತಿದ್ದವರು ಅದೇ ಹೊತ್ತಿಗೆ ಬೆಚ್ಚಿ ಏಳುತ್ತಾರೆ. ನಾನೇ ಎಲ್ಲಿ ತಪ್ಪಿದೆನೋ ಎಂದು ಕೊರಗುತ್ತಾರೆ. ನರ್ಸು ಆ ವಾರಗಳಲ್ಲಿ ಮತ್ತೊಮ್ಮೆ ಆ ಮನೆಗೆ ಹೋಗುತ್ತಾರೆ. ಕೂತು ಮಾತಾಡಿಸಿ, ಚಾ ಕುಡಿದು, ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಏರ್‌ಬೆಡ್ಡಿನ ಗಾಳಿ ತೆಗೆದು ಮಡಚಿ ಜೀಪಿಗೆ ಹಾಕಿಸುತ್ತಾರೆ. ಮುಂದಿನ ಮನೆಯಲ್ಲಿ ಅದಕ್ಕೆ ಕಾಯುತ್ತಿರುತ್ತಾರೆ.